ಹೊಸ ಆ್ಯಪ್‌ಗೆ ಖರ್ಚಿಲ್ಲದ ಪ್ರಚಾರ: ಕಂಕನಾಡಿಯ ಯುವಜನರಿಗೊಂದು ಕೈಪಿಡಿ

ಕಂಕನಾಡಿ: "ತುರ್ತಾಗಿ ಓ ನೆಗೆಟಿವ್ ರಕ್ತ ಬೇಕಾಗಿದೆ. ದಯವಿಟ್ಟು ನಿಮ್ಮ ಎಲ್ಲಾ ಗ್ರೂಪುಗಳಿಗೆ ಕಳುಹಿಸಿ." ಕಂಕನಾಡಿಯ ಸುತ್ತಮುತ್ತ ವಾಸಿಸುವವರ ಮೊಬೈಲಿಗೆ ಇಂತಹ ಸಂದೇಶ ಬಾರದ ವಾರವಿಲ್ಲ. ಉಡುಪಿ, ಕಾಸರಗೋಡು, ಚಿಕ್ಕಮಗಳೂರು ಕಡೆಗಳಿಂದ ಚಿಕಿತ್ಸೆಗೆಂದು ಮಂಗಳೂರಿಗೆ ಬರುವ ರೋಗಿಗಳ ಮನೆಯವರಿಗೆ ಇಲ್ಲಿ ಪರಿಚಯದವರು ಕಡಿಮೆ. ಆದ್ದರಿಂದ ಅವರು ಗೊತ್ತಿದ್ದ ಒಬ್ಬರಿಗೆ ಹೇಳುತ್ತಾರೆ, ಆ ಒಬ್ಬರು ಹತ್ತು ಮಂದಿಗೆ ಕಳುಹಿಸುತ್ತಾರೆ. ಸಂದೇಶದಲ್ಲಿ ದಿನಾಂಕ ಇರುವುದಿಲ್ಲ. ರೋಗಿ ಗುಣವಾಗಿ ಮನೆಗೆ ಹೋಗಿ ತಿಂಗಳು ಕಳೆದ ಮೇಲೂ ಅದು ಸುತ್ತುತ್ತಲೇ ಇರುತ್ತದೆ. ನಾವೇ ಒಮ್ಮೆ ಅಂತಹ ಒಂದು ನಂಬರಿಗೆ ಕರೆ ಮಾಡಿದಾಗ, ಆ ಕಡೆಯವರು ಬಹಳ ತಾಳ್ಮೆಯಿಂದ, "ಅವರು ತೀರಿಹೋಗಿ ನಲ್ವತ್ತು ದಿನ ಕಳೆಯಿತು, ಆದರೂ ದಿನಕ್ಕೆ ಎರಡು ಮೂರು ಕರೆ ಬರುತ್ತಾ ಇದೆ" ಎಂದರು. ನಮಗೆ ಏನು ಉತ್ತರಿಸಬೇಕೆಂದು ತೋಚಲಿಲ್ಲ.

ಇದನ್ನೆಲ್ಲಾ ನೋಡಿದ ಯುವಜನರು "ನಾವೇ ಒಂದು ಆ್ಯಪ್ ಮಾಡೋಣ" ಎಂದು ಹೊರಡುವುದು ಸಹಜ. ನಮ್ಮ ಧರ್ಮಕೇಂದ್ರಗಳಲ್ಲಿ ಇಂಜಿನಿಯರಿಂಗ್ ಓದಿದ ಮಕ್ಕಳಿಗೆ ಕೊರತೆಯಿಲ್ಲ. ಆ್ಯಪ್ ತಯಾರಿಸುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಕಷ್ಟವಿರುವುದು ಅದನ್ನು ಜನರ ಕೈಗೆ ತಲುಪಿಸುವುದರಲ್ಲಿ. ಜಾಹೀರಾತಿಗೆ ಹಣವಿಲ್ಲ, ಇರುವುದು ವಾಟ್ಸಾಪ್ ಗುಂಪುಗಳು, ಫೇಸ್‌ಬುಕ್, ಮತ್ತು ಗಲ್ಫ್ ದೇಶಗಳಲ್ಲಿರುವ ನಮ್ಮವರ ಸಂಘಟನೆಗಳು. ಇವುಗಳ ಮೂಲಕ ಒಂದು ರೂಪಾಯಿಯೂ ಖರ್ಚಿಲ್ಲದೆ ಪ್ರಚಾರ ಮಾಡುವುದು ಹೇಗೆ, ಎಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ. ಉದಾಹರಣೆಗಾಗಿ ರಕ್ತದಾನಿಗಳ ಆ್ಯಪನ್ನೇ ಇಟ್ಟುಕೊಂಡಿದ್ದೇವೆ. ಬಲಿಪೂಜೆಯ ಸಮಯ ತಿಳಿಸುವ ಆ್ಯಪ್ ಆಗಲಿ, ಕೊಂಕಣಿ ಗೀತೆಗಳ ಆ್ಯಪ್ ಆಗಲಿ, ದಾರಿ ಹೆಚ್ಚು ಕಡಿಮೆ ಇದೇ.

ಆರಂಭಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇಂತಹದ್ದು ಈಗಾಗಲೇ ಇದೆಯೇ? ರಕ್ತನಿಧಿಗಳಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ತಿಳಿಸುವ "ಇ-ರಕ್ತಕೋಶ್" ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2016ರಲ್ಲೇ ಆರಂಭಿಸಿದೆ. ಅದು ಮಾಡುವ ಕೆಲಸವನ್ನೇ ನಮ್ಮ ಆ್ಯಪ್ ಮಾಡುವುದಾದರೆ ಪ್ರಚಾರದ ಶ್ರಮ ವ್ಯರ್ಥ. ಅದು ಮಾಡದ ಕೆಲಸ ಯಾವುದು, ಅಂದರೆ ಈ ಊರಿನಲ್ಲಿ ಈ ರಾತ್ರಿ ಬರಲು ಸಿದ್ಧರಿರುವ ದಾನಿ ಯಾರು ಎಂಬುದನ್ನು ನಾವು ಹೇಳಬಲ್ಲೆವೇ? ಹೇಳಬಲ್ಲೆವಾದರೆ ಮಾತ್ರ ಮುಂದೆ ಓದಿ.

ಮುಲ್ಲರ್ ಸ್ವಾಮಿಗಳ ದಾರಿ

ಕಂಕನಾಡಿಗೆ ಖರ್ಚಿಲ್ಲದ ಪ್ರಚಾರ ಹೊಸದೇನಲ್ಲ. ಜರ್ಮನಿಯಲ್ಲಿ 1841ರಲ್ಲಿ ಜನಿಸಿದ ಯೇಸುಸಭೆಯ ವಂ. ಅಗಸ್ಟಸ್ ಮುಲ್ಲರ್ 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದ ಜೆಸ್ವಿತರ ಮೊದಲ ತಂಡದಲ್ಲಿದ್ದರು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು. ತಮ್ಮೊಂದಿಗೆ ತಂದಿದ್ದ ಹೋಮಿಯೋಪಥಿ ಔಷಧಗಳನ್ನು ಅವರು ಮೊದಲು ಕೊಟ್ಟದ್ದು ತಮ್ಮ ವಿದ್ಯಾರ್ಥಿಗಳಿಗೆ. ಮಕ್ಕಳು ಮನೆಗೆ ಹೋಗಿ ಹೇಳಿದರು, ಮನೆಯವರು ನೆರೆಯವರಿಗೆ ಹೇಳಿದರು. ಕಂಕನಾಡಿಯಲ್ಲಿ ಬಡವರ ಔಷಧಾಲಯ ನಿಂತಿತು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವಾಯಿತು. ದೂರದ ಊರುಗಳಿಂದ ಔಷಧ ಕೇಳಿ ಪತ್ರಗಳು ಬರತೊಡಗಿದವು, ಅಂಚೆಯಲ್ಲಿ ಔಷಧ ಹೋಗತೊಡಗಿತು. ಔಷಧವನ್ನು ಹೇಗೆ ಬಳಸಬೇಕೆಂದು ತಿಳಿಸುವ ಪುಸ್ತಕಗಳನ್ನೂ ಅವರು ಬರೆದರು. 1910ರ ನವೆಂಬರ್ 1ರಂದು ಅವರು ನಿಧನರಾಗುವಾಗ ಕಂಕನಾಡಿ ಎಂಬ ಹೆಸರು ಔಷಧದ ಹೆಸರಾಗಿಯೇ ದೇಶದ ನಾನಾ ಕಡೆ ಪರಿಚಿತವಾಗಿತ್ತು.

ಇಲ್ಲಿ ನಾವು ಹೋಮಿಯೋಪಥಿಯ ಗುಣದೋಷಗಳ ಚರ್ಚೆಗೆ ಇಳಿಯುತ್ತಿಲ್ಲ. ಗಮನಿಸಬೇಕಾದುದು ಅವರು ಹಿಡಿದ ಕ್ರಮವನ್ನು. ಮೊದಲು ಕಣ್ಣೆದುರಿನ ಕೆಲವರಿಗೆ ಕೊಟ್ಟರು, ಅವರು ಏನು ಹೇಳುತ್ತಾರೆಂದು ಕೇಳಿದರು, ಬಳಸುವ ವಿಧಾನವನ್ನು ಬರೆದು ಕೊಟ್ಟರು, ಬಂದ ಪತ್ರಕ್ಕೆ ಉತ್ತರಿಸಿದರು. ಇಂದಿನ ಯುವಕರು ಮಾಡುವುದು ಬಹುತೇಕ ಇದಕ್ಕೆ ತದ್ವಿರುದ್ಧ. ಆ್ಯಪ್ ಸಿದ್ಧವಾದ ರಾತ್ರಿಯೇ ಐವತ್ತು ಗುಂಪುಗಳಿಗೆ ಲಿಂಕ್ ಹೋಗುತ್ತದೆ. ಬೆಳಿಗ್ಗೆ ಮುನ್ನೂರು ಜನ ಹಾಕಿಕೊಳ್ಳುತ್ತಾರೆ, ಸಂಜೆಯೊಳಗೆ "ಓಟಿಪಿ ಬರುತ್ತಿಲ್ಲ" ಎಂದು ಇನ್ನೂರು ಜನ ತೆಗೆದುಹಾಕುತ್ತಾರೆ. ಹಾಗೆ ಹೋದವರು ಎರಡನೇ ಸಲ ಬರುವುದಿಲ್ಲ.

ಮೊದಲ ಹನ್ನೆರಡು ಮಂದಿ

ಸಂತೋಷದ ವಿಷಯವೆಂದರೆ, ಈಗ ಗೂಗಲ್ ಸಂಸ್ಥೆಯೇ ಈ ತಾಳ್ಮೆಯನ್ನು ಕಡ್ಡಾಯಗೊಳಿಸಿದೆ. 2023ರ ನವೆಂಬರ್ 13ರ ನಂತರ ವೈಯಕ್ತಿಕ ಹೆಸರಿನಲ್ಲಿ ಪ್ಲೇ ಸ್ಟೋರ್ ಖಾತೆ ತೆರೆದವರು ತಮ್ಮ ಆ್ಯಪನ್ನು ಸಾರ್ವಜನಿಕರಿಗೆ ಬಿಡುವ ಮೊದಲು ಪರೀಕ್ಷಕರ ಒಂದು ಗುಂಪಿಗೆ ಕೊಟ್ಟು ಸತತ 14 ದಿನ ಪರೀಕ್ಷಿಸಬೇಕು. ಮೊದಲು ಈ ಗುಂಪಿನಲ್ಲಿ 20 ಮಂದಿ ಇರಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು 12ಕ್ಕೆ ಇಳಿಸಲಾಯಿತು. ಹನ್ನೆರಡು ಎಂಬ ಸಂಖ್ಯೆ ನಮಗೆ ಹೇಗೂ ಅಪರಿಚಿತವಲ್ಲ!

ಈ ಹನ್ನೆರಡು ಮಂದಿಯನ್ನು ಆರಿಸುವಾಗ ಹೆಚ್ಚಿನವರು ತಮ್ಮ ಕಾಲೇಜಿನ ಗೆಳೆಯರನ್ನೇ ಸೇರಿಸಿಕೊಳ್ಳುತ್ತಾರೆ. ಅವರೆಲ್ಲರ ಬಳಿ ಒಳ್ಳೆಯ ಫೋನ್, ಎಲ್ಲರಿಗೂ ಇಂಗ್ಲಿಷ್ ಗೊತ್ತು, ಎಲ್ಲರೂ "ಸೂಪರ್" ಎನ್ನುತ್ತಾರೆ. ಇದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಸಲಹೆ ಹೀಗಿದೆ. ಒಬ್ಬರು ವಾಳೆಯ ಗುರಿಕಾರರು ಇರಲಿ. ಸ್ತ್ರೀ ಸಂಘಟನೆಯ ಒಬ್ಬ ಸದಸ್ಯೆ ಇರಲಿ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ನರ್ಸ್, ಮಾರ್ಕೆಟ್ ಬಳಿಯ ಒಬ್ಬ ರಿಕ್ಷಾ ಚಾಲಕರು, ಹಳೆಯ ಫೋನ್ ಇಟ್ಟುಕೊಂಡಿರುವ ಒಬ್ಬ ಹಿರಿಯರು, ಹಾಸ್ಟೆಲಿನಲ್ಲಿರುವ ಕೇರಳದ ಒಬ್ಬ ವಿದ್ಯಾರ್ಥಿನಿ ಇರಲಿ. ಗುರಿಕಾರರು ಅಕ್ಷರ ಚಿಕ್ಕದಾಯಿತು ಎನ್ನುತ್ತಾರೆ. ರಿಕ್ಷಾದವರು ಡೇಟಾ ಬಹಳ ಖರ್ಚಾಗುತ್ತದೆ ಎನ್ನುತ್ತಾರೆ. ನರ್ಸ್ ಕೇಳುವ ಪ್ರಶ್ನೆಯೇ ಬೇರೆ: "ಈತ ಕಳೆದ ತಿಂಗಳಷ್ಟೇ ರಕ್ತ ಕೊಟ್ಟಿದ್ದಾನೆ, ಇವನ ಹೆಸರು ಇನ್ನೂ ಪಟ್ಟಿಯಲ್ಲಿ ಯಾಕೆ ಇದೆ?"

ಈ ಕೊನೆಯ ಪ್ರಶ್ನೆಯಲ್ಲಿ ಇಡೀ ಆ್ಯಪಿನ ಜೀವವಿದೆ. ಕೇಂದ್ರ ಸರ್ಕಾರ 2020ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಪುರುಷರು ಒಮ್ಮೆ ರಕ್ತ ಕೊಟ್ಟ ಮೇಲೆ 90 ದಿನ, ಮಹಿಳೆಯರು 120 ದಿನ ಮತ್ತೆ ಕೊಡುವಂತಿಲ್ಲ. ದಾನಿಯ ವಯಸ್ಸು 18ರಿಂದ 65ರ ಒಳಗಿರಬೇಕು. ಆದ್ದರಿಂದ ರಕ್ತ ಕೊಟ್ಟವರ ಹೆಸರು ಅಷ್ಟು ದಿನಗಳ ಕಾಲ ತಾನಾಗಿಯೇ ಮರೆಯಾಗಿ, ಅವಧಿ ಮುಗಿದ ಮೇಲೆ ತಾನಾಗಿಯೇ ಕಾಣಿಸುವಂತೆ ಮಾಡಬೇಕು. ಊರು ಬಿಟ್ಟು ಹೋದವರ ನಂಬರ್ ತೆಗೆದುಹಾಕಲು ಆರು ತಿಂಗಳಿಗೊಮ್ಮೆ "ನೀವು ಇನ್ನೂ ಮಂಗಳೂರಿನಲ್ಲಿ ಇದ್ದೀರಾ?" ಎಂದು ಆ್ಯಪ್ ಕೇಳಬೇಕು. ಇದಾವುದೂ ಇಲ್ಲದೆ ಐದು ಸಾವಿರ ಜನರಿಗೆ ಪ್ರಚಾರ ಮಾಡಿದರೆ, ರಾತ್ರಿ ಎರಡು ಗಂಟೆಗೆ ಆಪರೇಷನ್ ಕೋಣೆಯ ಹೊರಗೆ ನಿಂತವನ ಕೈಗೆ ನಾವು ಕೊಡುವುದು ಸತ್ತ ನಂಬರುಗಳ ಒಂದು ಉದ್ದ ಪಟ್ಟಿಯನ್ನು ಮಾತ್ರ. ಹಳೆಯ ವಾಟ್ಸಾಪ್ ಸಂದೇಶವೇ ಅದಕ್ಕಿಂತ ಮೇಲು.

ಇನ್ನೂ ಒಂದು ಎಚ್ಚರಿಕೆ. ದಾನಿಗಳ ಫೋನ್ ನಂಬರನ್ನು ಎಲ್ಲರಿಗೂ ಕಾಣುವಂತೆ ಇಡಬಾರದು. ಹಣ ಪಡೆದು ರಕ್ತ ಕೊಡುವುದು ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರಿಂದಲೇ ನಿಷೇಧವಾಗಿದೆ. ಆದರೂ ಪಟ್ಟಿಯೊಂದು ಬಹಿರಂಗವಾಗಿ ಸಿಕ್ಕರೆ ಅದನ್ನು ದುರುಪಯೋಗ ಮಾಡುವವರಿಗೆ ಬರವಿಲ್ಲ. ಯುವತಿಯರ ನಂಬರುಗಳ ವಿಷಯದಲ್ಲಂತೂ ಹೇಳುವುದೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುತ್ತವೆ. ಯಾರ ಮಾಹಿತಿಯನ್ನು ಪಡೆಯುತ್ತೇವೆಯೋ ಅವರ ಒಪ್ಪಿಗೆ ಬೇಕು, ಯಾಕೆ ಪಡೆಯುತ್ತೇವೆಂದು ಹೇಳಬೇಕು, ಅವರು ಬೇಡವೆಂದಾಗ ಅಳಿಸಬೇಕು. ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯನ್ನು ಕಚೇರಿಯಿಂದ ಪಡೆದು ಎಲ್ಲರ ಹೆಸರನ್ನೂ ಒಮ್ಮೆಗೇ ತುಂಬಿಸುವ ಸುಲಭ ದಾರಿ ಹಲವರಿಗೆ ಹೊಳೆಯುತ್ತದೆ. ಅದನ್ನು ಮಾಡಲೇಬಾರದು.

ಹೆಸರು ಮತ್ತು ಭಾಷೆ

ಪ್ಲೇ ಸ್ಟೋರಿನಲ್ಲಿ ಆ್ಯಪಿನ ಹೆಸರಿಗೆ 30, ಕಿರು ವಿವರಣೆಗೆ 80, ಪೂರ್ಣ ವಿವರಣೆಗೆ 4000 ಅಕ್ಷರಗಳ ಮಿತಿಯಿದೆ. ಇದು ಹಣ ಕೊಡದೆ ಸಿಗುವ ಅತ್ಯುತ್ತಮ ಜಾಹೀರಾತು ಫಲಕ. ಕನ್ನಡದಲ್ಲಿ ಬರೆಯುವಾಗ ಒಂದು ತೊಡಕಿದೆ. ಕಂಪ್ಯೂಟರ್ ನಮ್ಮಂತೆ ಅಕ್ಷರ ಎಣಿಸುವುದಿಲ್ಲ. "ಧರ್ಮಕೇಂದ್ರ" ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಒತ್ತು, ದೀರ್ಘ, ಸೊನ್ನೆ ಎಲ್ಲಾ ಬೇರೆ ಬೇರೆಯಾಗಿ ಎಣಿಕೆಯಾಗಿ ಹತ್ತು ಆಗುತ್ತದೆ. "ರಕ್ತದಾನಿಗಳ ಸಂಪರ್ಕ ಕಂಕನಾಡಿ" ಎಂಬ ಹೆಸರು ಎರಡು ಖಾಲಿ ಜಾಗಗಳೂ ಸೇರಿ 25ಕ್ಕೆ ಮುಗಿಯುತ್ತದೆ, ಸರಿಹೋಗುತ್ತದೆ. ಒತ್ತಕ್ಷರಗಳು ತುಂಬಿದ ಸಂಸ್ಕೃತ ಹೆಸರನ್ನು ಆರಿಸಿದರೆ ಅರ್ಧದಲ್ಲೇ ಜಾಗ ಮುಗಿಯುತ್ತದೆ. ಹೀಗಾಗಿ ಸರಳ ಹೆಸರೇ ಲೇಸು.

ಹುಡುಕುವವರು ಏನೆಂದು ಟೈಪ್ ಮಾಡುತ್ತಾರೆ ಎಂಬುದನ್ನೂ ಯೋಚಿಸಬೇಕು. 2014ರ ನವೆಂಬರ್ 1ರಿಂದ ನಗರದ ಅಧಿಕೃತ ಹೆಸರು ಇಂಗ್ಲಿಷಿನಲ್ಲಿಯೂ ಮಂಗಳೂರು ಎಂದಾಗಿದೆ. ಆದರೆ ಬಹಳಷ್ಟು ಜನರ, ವಿಶೇಷವಾಗಿ ವಿದೇಶದಲ್ಲಿರುವವರ ಬೆರಳು ಈಗಲೂ ಮ್ಯಾಂಗಲೋರ್ ಎಂದೇ ಒತ್ತುತ್ತದೆ. ಕಂಕನಾಡಿಯನ್ನು ಇಂಗ್ಲಿಷಿನಲ್ಲಿ ಕೊನೆಗೆ ಐ ಹಾಕಿ ಬರೆಯುವವರೂ ಇದ್ದಾರೆ, ವೈ ಹಾಕಿ ಬರೆಯುವವರೂ ಇದ್ದಾರೆ. ಮಂಗಳೂರು ಜಂಕ್ಷನ್ ರೈಲು ನಿಲ್ದಾಣವನ್ನು ಹಿರಿಯರು ಇಂದಿಗೂ ಕಂಕನಾಡಿ ಸ್ಟೇಷನ್ ಎಂದೇ ಕರೆಯುತ್ತಾರೆ. ಈ ರೂಪಗಳೆಲ್ಲ ವಿವರಣೆಯ ವಾಕ್ಯಗಳೊಳಗೆ ಸಹಜವಾಗಿ ಬರುವಂತೆ ನೋಡಿಕೊಳ್ಳಬೇಕು. ಒಂದರ ಕೆಳಗೊಂದು ಪಟ್ಟಿ ಮಾಡಿ ತುರುಕಿದರೆ ಗೂಗಲ್ ಅದನ್ನು ನಿಯಮಭಂಗವೆಂದು ಪರಿಗಣಿಸುತ್ತದೆ.

ಪ್ರಚಾರ ಸಂದೇಶದ ಭಾಷೆ ಗುಂಪಿಗೆ ತಕ್ಕಂತೆ ಇರಲಿ. ಧರ್ಮಕೇಂದ್ರದ ಗುಂಪಿಗೆ ಕನ್ನಡ ಲಿಪಿಯ ಕೊಂಕಣಿ, ರಿಕ್ಷಾ ಮತ್ತು ಮಾರ್ಕೆಟಿನ ಗುಂಪಿಗೆ ತುಳು ಅಥವಾ ಕನ್ನಡ, ಹಾಸ್ಟೆಲಿಗೆ ಮಲಯಾಳಂ. ಗೂಗಲ್ ಅನುವಾದದಲ್ಲಿ 2022ರಿಂದ ಕೊಂಕಣಿ ಇದೆ, 2024ರಿಂದ ತುಳುವೂ ಇದೆ. ಆದರೆ ಅಲ್ಲಿ ಸಿಗುವ ಕೊಂಕಣಿ ದೇವನಾಗರಿ ಲಿಪಿಯದ್ದು, ನಮ್ಮ ಮನೆಯ ಅಜ್ಜಿಯಂದಿರಿಗೆ ಅದು ಓದಲು ಬಾರದು. ನಮ್ಮ ಆಡುಮಾತಿನ ಕೊಂಕಣಿಯೂ ಅದಲ್ಲ. ಯಂತ್ರದಿಂದ ಬಂದದ್ದನ್ನು ಹಾಗೆಯೇ ಕಳುಹಿಸಿದರೆ ಜನ ನಗುತ್ತಾರೆ, ಆಮೇಲೆ ಆ್ಯಪಿನ ಮೇಲೂ ನಗುತ್ತಾರೆ. ಮೂರು ಸಾಲು ಬರೆಯಲು ಊರಿನಲ್ಲಿ ಜನ ಸಿಗದೇ ಇರಲಿಕ್ಕಿಲ್ಲ.

ಗುಂಪಿನ ಮನೆಗೆ ಕಾಲಿಡುವಾಗ

ವಾಟ್ಸಾಪ್ ಗುಂಪೊಂದರಲ್ಲಿ ಈಗ 1024 ಮಂದಿ ಇರಬಹುದು. ಒಂದು ಧರ್ಮಕೇಂದ್ರದ ವಾಳೆಗಳು, ಐಸಿವೈಎಂ, ಕಥೋಲಿಕ್ ಸಭಾ, ಸಂತ ವಿಶೆಂತ್ ಪಾವ್ಲ್ ಸಭೆ, ಗಾಯನ ಮಂಡಳಿ ಹೀಗೆ ಲೆಕ್ಕ ಹಾಕಿದರೆ ಇಪ್ಪತ್ತು ಮೂವತ್ತು ಗುಂಪುಗಳು ಸಿಗುತ್ತವೆ. ಹಾಗೆಂದು ಒಂದೇ ಸಂದೇಶವನ್ನು ಮುಂದೆ ಮುಂದೆ ತಳ್ಳುತ್ತಾ ಹೋಗಲಾಗದು. ಸುಳ್ಳು ಸುದ್ದಿಗಳಿಂದ ಅನಾಹುತಗಳಾದ ಮೇಲೆ ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು. ಅನೇಕ ಸಲ ಕೈ ಬದಲಾದ ಸಂದೇಶವನ್ನು 2020ರ ಏಪ್ರಿಲ್‌ನಿಂದ ಒಂದೊಂದೇ ಕಡೆಗೆ ಕಳುಹಿಸಬೇಕು. ಅದಕ್ಕೆ ಎರಡು ಬಾಣದ ಗುರುತೂ ಬೀಳುತ್ತದೆ. ಆ ಗುರುತು ಕಂಡೊಡನೆ ಓದುಗರು ಅರ್ಧ ನಂಬಿಕೆ ಕಳೆದುಕೊಳ್ಳುತ್ತಾರೆ.

ಆದುದರಿಂದ ಪ್ರತಿ ಗುಂಪಿಗೆ ಹೊಸದಾಗಿ ಬರೆಯಿರಿ. ಆ ಗುಂಪಿನವರೇ ಆದ ಒಬ್ಬರು ಬರೆಯಲಿ. ಅಡ್ಮಿನ್ ಅವರನ್ನು ಮೊದಲೇ ಖಾಸಗಿಯಾಗಿ ಕೇಳಿ. ಸಂದೇಶದಲ್ಲಿ ಯಾರು ಮಾಡಿದ್ದು, ಯಾಕೆ ಮಾಡಿದ್ದು, ಏನು ಮಾಹಿತಿ ಕೇಳುತ್ತದೆ, ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು, ಇಷ್ಟಿದ್ದರೆ ಸಾಕು. ಹತ್ತು ಉದ್ಗಾರ ಚಿಹ್ನೆ, ಹೂವಿನ ಚಿತ್ರ ಬೇಡ. "ಇದನ್ನು ಹತ್ತು ಜನರಿಗೆ ಕಳುಹಿಸಿ, ಒಂದು ಜೀವ ಉಳಿಸಿ" ಎಂಬ ಒತ್ತಾಯವಂತೂ ಬೇಡವೇ ಬೇಡ. ಸಂತ ಅಂತೋನಿಯವರ ಹೆಸರಿನ ಸರಪಳಿ ಪತ್ರಗಳನ್ನು ನೋಡಿ ಬೇಸತ್ತಿರುವ ಜನ ನಾವು.

ಸಮಯದ ವಿಷಯ. ಮೊಂತಿ ಫೆಸ್ತಿನ ನೊವೆನಾ ದಿನಗಳಲ್ಲಿ ಗುಂಪುಗಳ ತುಂಬ ಹೂವು, ಮಕ್ಕಳು, ತೆನೆಯ ಫೋಟೋಗಳೇ ಇರುತ್ತವೆ. ಆಗ ಹಾಕಿದ ಲಿಂಕ್ ಅರ್ಧ ಗಂಟೆಯಲ್ಲಿ ಮೇಲೆ ಹೋಗಿ ಕಾಣದಾಗುತ್ತದೆ. ಸಾವಿನ ಸುದ್ದಿ ಬಂದ ದಿನ ಆ ಗುಂಪಿನಲ್ಲಿ ಪ್ರಚಾರ ಮಾಡಬಾರದೆಂದು ಹೇಳಬೇಕಾಗಿಲ್ಲ, ಆದರೂ ಆಗುತ್ತಿದೆ. ಡಿಸೆಂಬರ್ ಕೊನೆಯ ವಾರ ಮಾತ್ರ ಚಿನ್ನದಂಥ ಸಮಯ, ಏಕೆಂದರೆ ಪರವೂರಿನವರು ಮನೆಯಲ್ಲಿರುತ್ತಾರೆ, ತಂದೆ ತಾಯಿಯ ಫೋನನ್ನು ಸರಿ ಮಾಡಿಕೊಡುವುದೇ ಅವರ ಮೊದಲ ಕೆಲಸ.

ಗಲ್ಫಿನವರ ವಿಷಯದಲ್ಲಿ ಒಂದು ಸಣ್ಣ ತಾಂತ್ರಿಕ ಸಂಗತಿಯನ್ನು ಮರೆಯಬಾರದು. ಆ್ಯಪ್ ಯಾವ ದೇಶಗಳಲ್ಲಿ ಸಿಗಬೇಕೆಂದು ಪ್ಲೇ ಸ್ಟೋರಿನಲ್ಲಿ ನಾವೇ ಗುರುತು ಹಾಕಬೇಕು. ಭಾರತ ಮಾತ್ರ ಎಂದು ಬಿಟ್ಟರೆ, ಕುವೈತಿನಲ್ಲಿರುವ ಮಗ ಲಿಂಕ್ ಒತ್ತಿದಾಗ "ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಎಂದು ಬರುತ್ತದೆ. ಅವನು ರಕ್ತ ಕೊಡಲು ಬರಲಾರ, ನಿಜ. ಆದರೆ ಕಂಕನಾಡಿಯ ತನ್ನ ಐವರು ಗೆಳೆಯರಿಗೆ ಹೇಳುವವನು ಅವನೇ. ಊರಿನ ಆಸ್ಪತ್ರೆಯಲ್ಲಿ ತಾಯಿ ಮಲಗಿದ್ದಾಗ ಅಲ್ಲಿಂದಲೇ ದಾನಿಗಳನ್ನು ಹುಡುಕುವವನೂ ಅವನೇ.

2022ರ ನವೆಂಬರ್‌ನಿಂದ ವಾಟ್ಸಾಪಿನಲ್ಲಿ ಹಲವು ಗುಂಪುಗಳನ್ನು ಒಂದೇ ಸೂರಿನಡಿ ತರುವ ಕಮ್ಯುನಿಟಿ ಸೌಲಭ್ಯವಿದೆ, 2023ರಿಂದ ಚಾನೆಲ್ ಇದೆ. ಚಾನೆಲಿನಲ್ಲಿ ಸೇರಿದವರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆ್ಯಪಿನ ಬದಲಾವಣೆಗಳನ್ನು ತಿಳಿಸಲು ಇದು ಗುಂಪಿಗಿಂತ ಉತ್ತಮ.

ಫೇಸ್‌ಬುಕ್, ಟೆಲಿಗ್ರಾಂ ಕತೆಯೂ ಇದೇ. ರೆಡಿಟ್‌ನಲ್ಲಿ ಪ್ರತಿ ಬಳಗಕ್ಕೂ ಅದರದ್ದೇ ನಿಯಮಗಳಿವೆ, ಹೊಸ ಖಾತೆ ತೆರೆದು ಮೊದಲ ದಿನವೇ ತನ್ನ ಆ್ಯಪ್ ಹೊಗಳಿಕೊಂಡವನನ್ನು ಹೊರಹಾಕುತ್ತಾರೆ. ಆ್ಯಪ್ ತಯಾರಕರು ಸೇರುವ ಎಕ್ಸ್‌ಡಿಎ, ಪ್ರಾಡಕ್ಟ್ ಹಂಟ್ ಮೊದಲಾದ ಕಡೆ ಹೆಸರು ಮಾಡುವ ಆಸೆ ನಮ್ಮ ಹುಡುಗರಿಗಿರುತ್ತದೆ. ಕನ್ನಡ ಕೀಲಿಮಣೆಯನ್ನೋ ಆಟವನ್ನೋ ಮಾಡಿದವರು ಅಲ್ಲಿಗೆ ಹೋಗಬೇಕು, ಒಳ್ಳೆಯ ಟೀಕೆ ಸಿಗುತ್ತದೆ. ಕಂಕನಾಡಿಯ ರಕ್ತದಾನಿಗಳ ಆ್ಯಪಿಗೆ ಅಮೆರಿಕದ ಮೆಚ್ಚುಗೆ ಬಂದರೂ ಬಾಟಲಿ ತುಂಬುವುದಿಲ್ಲ.

ಬಲಿಪೀಠದ ಬಳಿಯಿಂದ ಪ್ರಕಟಣೆ

ಬಲಿಪೂಜೆಯ ಕೊನೆಯಲ್ಲಿ ಧರ್ಮಗುರುಗಳು ಒಂದು ಮಾತು ಹೇಳಿದರೆ ಎಲ್ಲ ಪ್ರಚಾರವನ್ನೂ ಮೀರಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇಟಲಿಯ ಧರ್ಮಗುರು ವಂ. ಪಾವ್ಲೊ ಪದ್ರಿನಿ 2008ರಲ್ಲಿ ಪ್ರಾರ್ಥನಾ ವಿಧಿಗಳ "ಐಬ್ರೆವಿಯರಿ" ಆ್ಯಪನ್ನು ತಂದಾಗ ವ್ಯಾಟಿಕನ್ನಿನ ಸಂಪರ್ಕ ಮಾಧ್ಯಮ ಆಯೋಗ ಬೆಂಬಲ ಕೊಟ್ಟಿತು, ಆ ಸುದ್ದಿಯೇ ಅದನ್ನು ಲೋಕಕ್ಕೆಲ್ಲಾ ತಲುಪಿಸಿತು. 2019ರ ಜನವರಿ 20ರಂದು ಪೋಪ್ ಫ್ರಾನ್ಸಿಸ್ ದೇವದೂತನ ಪ್ರಾರ್ಥನೆಯ ನಂತರ ಕಿಟಕಿಯಲ್ಲಿ ಟ್ಯಾಬ್ಲೆಟ್ ಹಿಡಿದು "ಕ್ಲಿಕ್ ಟು ಪ್ರೇ" ಆ್ಯಪಿನಲ್ಲಿ ತಮ್ಮ ಖಾತೆಯನ್ನು ಎಲ್ಲರೆದುರು ತೆರೆದರು. ಪನಾಮಾದ ವಿಶ್ವ ಯುವದಿನಕ್ಕೆ ಎರಡು ದಿನ ಮೊದಲು ನಡೆದ ಘಟನೆ ಇದು. ಯುವಜನರನ್ನು ಕರೆಯುವ ಮೊದಲು ತಾವೇ ಒಳಗೆ ಹೋದರು. ನಮ್ಮಲ್ಲೂ ಫಾದರ್ ಅವರು ಮೊದಲು ತಮ್ಮ ಫೋನಿನಲ್ಲಿ ಒಂದು ತಿಂಗಳು ಬಳಸಲಿ, ಸರಿಯೆನಿಸಿದರೆ ಹೇಳಲಿ. ಪಾಲನಾ ಮಂಡಳಿಯಲ್ಲಿ ಚರ್ಚೆಯಾಗಲಿ. ಪೀಠದಿಂದ ಬಂದ ಮಾತನ್ನು ಜನ ಪ್ರಶ್ನಿಸದೆ ನಂಬುತ್ತಾರೆ ಎಂಬ ಕಾರಣಕ್ಕೇ ಈ ಎಚ್ಚರ ಬೇಕು.

ಯಾಕೆಂದರೆ ಅದೇ ನಂಬಿಕೆಯ ಮೇಲೆ ಕಣ್ಣಿಟ್ಟ ಕಳ್ಳರಿದ್ದಾರೆ. 2024ರಲ್ಲಿ ದೇಶದ ಹಲವೆಡೆ ಮದುವೆಯ ಆಮಂತ್ರಣ ಪತ್ರಿಕೆಯ ಹೆಸರಿನಲ್ಲಿ ವಾಟ್ಸಾಪ್ ಮೂಲಕ ಎಪಿಕೆ ಕಡತಗಳು ಬಂದವು. ಸಾರಿಗೆ ಇಲಾಖೆಯ ದಂಡದ ಹೆಸರಿನಲ್ಲೂ ಬಂದವು. ಒತ್ತಿದವರ ಫೋನಿನಲ್ಲಿ ಕಳ್ಳ ತಂತ್ರಾಂಶ ಕುಳಿತು ಬ್ಯಾಂಕಿನ ಓಟಿಪಿಗಳನ್ನು ಓದತೊಡಗಿತು. ಪರಿಚಿತರ ನಂಬರಿನಿಂದಲೇ ಬಂದುದರಿಂದ ಜನ ಸಂಶಯಪಡಲಿಲ್ಲ. ಹೀಗಿರುವಾಗ ನಮ್ಮ ಯುವಕರು, "ಪ್ಲೇ ಸ್ಟೋರಿಗೆ ಹಾಕಲು 25 ಡಾಲರ್ ಕೊಡಬೇಕು, ಸದ್ಯಕ್ಕೆ ಎಪಿಕೆ ಕಳುಹಿಸೋಣ" ಎಂದು ಗುಂಪಿಗೆ ಕಡತ ಹಾಕಿದರೆ, ಆ್ಯಪ್ ಒಳ್ಳೆಯದೇ ಆಗಿದ್ದರೂ, ಎಪಿಕೆ ಒತ್ತುವುದು ತಪ್ಪಲ್ಲ ಎಂಬ ಪಾಠವನ್ನು ಇಡೀ ಧರ್ಮಕೇಂದ್ರಕ್ಕೆ ಕಲಿಸಿದಂತಾಗುತ್ತದೆ. ಮುಂದಿನ ಸಲ ಬರುವ ಕಡತ ಕಳ್ಳನದ್ದಾಗಿರಬಹುದು. ಪ್ರಚಾರಕ್ಕೆ ಖರ್ಚು ಬೇಡ ಎಂದು ಹೇಳುತ್ತಿರುವ ನಾವು ಈ 25 ಡಾಲರನ್ನು ಮಾತ್ರ ಖರ್ಚು ಮಾಡಲೇಬೇಕೆನ್ನುತ್ತೇವೆ. ಅದೂ ಒಮ್ಮೆ ಕೊಟ್ಟರೆ ಸಾಕು. ಆಪಲ್ ಫೋನುಗಳಿಗೆ ವರ್ಷಕ್ಕೆ 99 ಡಾಲರ್ ಆಗುತ್ತದೆ, ಅದು ಮೊದಲಿಗೆ ಅಗತ್ಯವಿಲ್ಲ. ಚರ್ಚಿನ ಬಾಗಿಲಲ್ಲಿ ಕ್ಯೂಆರ್ ಚೀಟಿ ಅಂಟಿಸುವುದಾದರೆ ಯಾರೂ ಅದರ ಮೇಲೆ ಬೇರೊಂದನ್ನು ಅಂಟಿಸಿಲ್ಲವೆಂದು ವಾರಕ್ಕೊಮ್ಮೆ ನೋಡಬೇಕು. ಯಾರಾದರೂ ಇಂತಹ ಮೋಸಕ್ಕೆ ಸಿಲುಕಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಲೆಕ್ಕ ಯಾವುದನ್ನು ಇಡಬೇಕು

ಡೌನ್‌ಲೋಡ್ ಸಂಖ್ಯೆ ನೋಡಿ ಹಿಗ್ಗುವುದು ಬೇಡ. ಬೆಂಗಳೂರಿನ "ಕೂ" ಜಾಲ 2020ರಲ್ಲಿ ಮೊದಲು ಕನ್ನಡದಲ್ಲೇ ಆರಂಭವಾಗಿ, ಕೋಟಿಗಟ್ಟಲೆ ಡೌನ್‌ಲೋಡ್ ಕಂಡು, ಸಚಿವರೂ ನಟರೂ ಸೇರಿ, 2024ರ ಜುಲೈನಲ್ಲಿ ಮುಚ್ಚಿತು. ಅದೇ ಊರಿನಲ್ಲಿ 2022ರ ನವೆಂಬರ್‌ನಲ್ಲಿ ರಿಕ್ಷಾ ಚಾಲಕರ ಸಂಘದ ಜೊತೆಗೂಡಿ ಬಂದ "ನಮ್ಮ ಯಾತ್ರಿ" ಚಾಲಕರಿಂದ ಕಮಿಷನ್ ಪಡೆಯದೆ, ಎಷ್ಟು ಪ್ರಯಾಣ ನಡೆಯಿತೆಂಬ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ತೆರೆದಿಟ್ಟಿತು. ಆ್ಯಪ್ ಚೆನ್ನಾಗಿ ನಡೆದರೆ ಚಾಲಕನಿಗೇ ಲಾಭ. ಹಾಗಾಗಿ ಪ್ರಚಾರಕ್ಕೆ ಬೇರೆ ಜನ ಬೇಕಾಗಲಿಲ್ಲ ಎಂದು ನಮ್ಮ ಅಭಿಪ್ರಾಯ. ರಕ್ತದಾನಿಗಳ ಆ್ಯಪ್ ಕೂಡ ಇಡಬೇಕಾದ ಲೆಕ್ಕ ಒಂದೇ: ಈ ತಿಂಗಳು ಎಷ್ಟು ಕೋರಿಕೆ ಬಂತು, ಎಷ್ಟಕ್ಕೆ ದಾನಿ ಸಿಕ್ಕರು. ಹತ್ತರಲ್ಲಿ ನಾಲ್ಕಕ್ಕೆ ಸಿಕ್ಕಿದ್ದರೆ ನಾಲ್ಕು ಎಂದೇ ಗುಂಪಿನಲ್ಲಿ ಹೇಳಿ. ಉಳಿದ ಆರರ ಬಗ್ಗೆ ಜನರೇ ಕೇಳುತ್ತಾರೆ, ಆಗ ಹೊಸ ದಾನಿಗಳು ಹೆಸರು ಕೊಡುತ್ತಾರೆ.

ಐದು ನಕ್ಷತ್ರ ಕೊಟ್ಟವರಿಗೆ ಬಹುಮಾನ, ಲಕ್ಕಿ ಡಿಪ್ ಚೀಟಿ ಎಂಬಿತ್ಯಾದಿ ಯೋಚನೆಗಳನ್ನು ಬಿಟ್ಟುಬಿಡಿ. ಆಮಿಷ ಒಡ್ಡಿ ರೇಟಿಂಗ್ ಪಡೆಯುವುದು ಪ್ಲೇ ಸ್ಟೋರಿನ ನಿಯಮಕ್ಕೆ ವಿರುದ್ಧ, ಆ್ಯಪನ್ನೇ ತೆಗೆದುಹಾಕಬಹುದು. ಒಂದು ನಕ್ಷತ್ರ ಕೊಟ್ಟು ಬೈದವರಿಗೆ ಮಾತ್ರ ತಪ್ಪದೆ ಉತ್ತರಿಸಿ. ಆ ಉತ್ತರವನ್ನು ಓದಿ ಆ್ಯಪ್ ಹಾಕಿಕೊಳ್ಳುವವರು ಬಹಳ ಮಂದಿ.

ಕೊನೆಯದಾಗಿ ಖಾತೆ ಯಾರ ಹೆಸರಿನಲ್ಲಿ ಎಂಬ ಪ್ರಶ್ನೆ. ಆ್ಯಪ್ ಮಾಡಿದ ಹುಡುಗ ತನ್ನ ಸ್ವಂತ ಇಮೇಲ್‌ನಲ್ಲಿ ಖಾತೆ ತೆರೆಯುತ್ತಾನೆ. ಎರಡು ವರ್ಷದಲ್ಲಿ ಅವನಿಗೆ ದುಬೈಯಲ್ಲೋ ಕೆನಡಾದಲ್ಲೋ ಕೆಲಸ ಸಿಗುತ್ತದೆ. ಹೊಸ ಆಂಡ್ರಾಯ್ಡ್ ಬಂದಾಗ ಆ್ಯಪ್ ಸರಿಪಡಿಸುವವರಿಲ್ಲ, ಪಾಸ್‌ವರ್ಡ್ ಇಲ್ಲಿ ಯಾರಲ್ಲೂ ಇಲ್ಲ, ದಾನಿಗಳ ಮಾಹಿತಿ ಎಲ್ಲಿದೆಯೆಂದು ಅವನಿಗೂ ನೆನಪಿಲ್ಲ. ಇದನ್ನು ತಪ್ಪಿಸಲು ನೋಂದಾಯಿತ ಸಂಘದ ಹೆಸರಿನಲ್ಲಿ ಸಂಸ್ಥೆಯ ಖಾತೆ ತೆರೆಯುವುದು ಉತ್ತಮ. ಅದಕ್ಕೆ ಡನ್ಸ್ ಎಂಬ ಒಂಬತ್ತು ಅಂಕಿಗಳ ಗುರುತು ಸಂಖ್ಯೆ ಬೇಕು. ಪಡೆಯಲು ಕೆಲವು ವಾರಗಳು ಹಿಡಿಯಬಹುದು, ಆದ್ದರಿಂದ ಆ್ಯಪಿನ ಕೆಲಸ ಆರಂಭಿಸಿದ ದಿನವೇ ಅರ್ಜಿ ಹಾಕಿ. ಸಂಸ್ಥೆಯ ಖಾತೆಗೆ ಹನ್ನೆರಡು ಪರೀಕ್ಷಕರ ನಿಯಮ ಅನ್ವಯಿಸುವುದಿಲ್ಲ. ಅನ್ವಯಿಸದಿದ್ದರೂ ಆ ನರ್ಸ್, ಆ ರಿಕ್ಷಾ ಚಾಲಕರು ಮತ್ತು ಗುರಿಕಾರರ ಕೈಗೆ ಹದಿನಾಲ್ಕು ದಿನ ಕೊಟ್ಟೇ ಮುಂದುವರಿಯಿರಿ. ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು ಮುದ್ರೆ ಹಾಕಿ ಸಂಘದ ಕಪಾಟಿನಲ್ಲಿ ಇಡಿ, ಅಧ್ಯಕ್ಷರು ಬದಲಾದಾಗ ಅದನ್ನೂ ಬದಲಾಯಿಸಿ ಹೊಸಬರಿಗೆ ಒಪ್ಪಿಸಿ.